ಮುಳ್ಳು ಹಾರ್ತಾ ಇದೆಯೋ, ತೆವಳ್ತಾ ಇದೆಯೋ?

ಕಾರಿನ ಥರ್ಮೋಸ್ಟಾಟ್ ಕಿತ್ತು ಬಿಸಾಕೋಕೆ ಮಾತ್ರ ಒಪ್ಪಬೇಡಿ ಮೇಷ್ಟ್ರೇ. ಎಷ್ಟೋ ಗ್ಯಾರೇಜುಗಳಲ್ಲಿ ಇದೊಂದು ಕೆಟ್ಟ ಚಾಳಿ. ಟೆಂಪರೇಚರ್ ಮುಳ್ಳು ಒಂಚೂರು ಅಲ್ಲಾಡಿದ್ರೆ ಸಾಕು, "ನಮ್ ಸೆಕೆಗೆ ಇದೆಲ್ಲ ಬೇಡ ಸಾರ್" ಅಂತ ಅದನ್ನ ತೆಗೆದು ಕಳಿಸಿಬಿಡ್ತಾರೆ. ಮುಳ್ಳು ಇಳಿಯುತ್ತೆ, ನಮಗೂ ಸಮಾಧಾನ. ಎಂಜಿನ್ನಿಗೆ ಮಾತ್ರ ತಣ್ಣಗಿರೋದು ಆರೋಗ್ಯ ಅಲ್ಲ. ಥರ್ಮೋಸ್ಟಾಟ್ ಅನ್ನೋ ಆ ಪುಟ್ಟ ವಾಲ್ವಿನ ಹೊಟ್ಟೆಯಲ್ಲಿ ಮೇಣ ಇರುತ್ತೆ. 82 ಡಿಗ್ರಿಯೋ 88 ಡಿಗ್ರಿಯೋ, ಅದರ ಮೈಮೇಲೇ ಒತ್ತಿರ್ತಾರೆ. ಅಷ್ಟು ಕಾವು ಬಂದಾಗ ಮೇಣ ಕರಗಿ ಉಬ್ಬಿ ದಾರಿ ತೆರೆಯುತ್ತೆ. ಆಮೇಲೇ ನೀರು ರೇಡಿಯೇಟರ್ ಕಡೆ ಹೋಗೋದು. ಆ ವಾಲ್ವೇ ಇಲ್ಲದಿದ್ರೆ ಎಂಜಿನ್ ಇನ್ನೂ ತಣ್ಣಗಿದೆ ಅಂದ್ಕೊಂಡು ಅದರ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡ್ತಾನೇ ಇರುತ್ತೆ. ಮೈಲೇಜ್ ಬೀಳುತ್ತೆ, ಆಯಿಲ್ ಬೇಗ ಕೆಡುತ್ತೆ.

ಹಾಗಾದ್ರೆ ಏನು ಮಾಡೋದು ಅಂತೀರಾ? ಮೊದಲು ಮುಳ್ಳಿನ ನಡಿಗೆ ನೋಡಿ. ನೀರು ಬಿಸಿಯಾಗೋಕೂ ಆರೋಕೂ ಹೊತ್ತು ಬೇಕು. ಹೆಡ್‌ಲೈಟ್ ಹಾಕಿದ ತಕ್ಷಣ, ಗುಂಡಿಗೆ ಇಳಿದ ತಕ್ಷಣ ಮುಳ್ಳು ಟಣ್ ಅಂತ ಹಾರಿದ್ರೆ ಅದು ಬಿಸಿಯ ವಿಷಯವೇ ಅಲ್ಲ, ಕರೆಂಟಿನ ವಿಷಯ. ಸೆನ್ಸರಿನ ಸಾಕೆಟ್ ಬಿಚ್ಚಿ ಹಸಿರು ಕಿಲುಬು ಹಿಡಿದಿದೆಯಾ ನೋಡಿ, ಬ್ಯಾಟರಿಯಿಂದ ಎಂಜಿನ್ನಿಗೆ ಬರೋ ಅರ್ತ್ ವೈರ್ ಸಡಿಲ ಇದೆಯಾ ನೋಡಿ. ಉಪ್ಪುಕಾಗದ ತಗೊಂಡು ಉಜ್ಜಿ, ಬೋಲ್ಟ್ ಬಿಗಿ ಮಾಡಿದ್ರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ.

ನಿಧಾನಕ್ಕೆ ತೆವಳೋ ಮುಳ್ಳಿನ ಕಥೆ ಬೇರೆ. ಸಿಗ್ನಲ್ಲಲ್ಲಿ ನಿಂತಾಗ ಏರಿ, ಗಾಡಿ ಹೊರಟ ಮೇಲೆ ಇಳಿದ್ರೆ ಫ್ಯಾನ್ ತಿರುಗ್ತಾ ಇಲ್ಲ. ಮೋಟರ್, ರಿಲೇ, ಫ್ಯೂಸ್ ನೋಡಬೇಕು. ಹೈವೇಯಲ್ಲಿ ಕೆಳಗೆ ಕುಸಿದು ಊರೊಳಗೆ ಮೇಲೆ ಬಂದ್ರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಹಾಕಿಕೊಂಡಿದೆ. ನೀವು ಮಂಗಳೂರಿಂದ ಬರೋವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮಾತ್ರ ಏರಿದ್ರೆ ರೇಡಿಯೇಟರ್ ಕಟ್ಟಿಕೊಂಡಿರೋದೇ ಹೆಚ್ಚು. ಅಲ್ಲಿ ಹಾಗಾದ್ರೆ ಏಸಿ ಆರಿಸಿ, ಹೀಟರ್ ಫುಲ್ ಹಾಕಿ. ಸೆಕೆ ತಡ್ಕೋಬೇಕು ನಿಜ, ಆದ್ರೆ ಎಂಜಿನ್ನಿನ ಕಾವು ಒಂದಷ್ಟು ಕಾರಿನೊಳಗೆ ಬಂದುಬಿಡುತ್ತೆ. ಆಗಲೂ ಇಳೀದಿದ್ರೆ ಪಕ್ಕಕ್ಕೆ ನಿಲ್ಲಿಸಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯೋದು ಬೇಡವೇ ಬೇಡ, ಹೆಡ್ ಬಿರುಕು ಬಿಡಬಹುದು.

ಏರೋದು ಇಳಿಯೋದು ಗೊತ್ತುಗುರಿ ಇಲ್ಲದೆ ನಡೀತಿದ್ರೆ ಮಾತ್ರ ನನಗೆ ಅನುಮಾನ ನೀರಿನ ಮೇಲೆ. ರಿಸರ್ವ್ ಬಾಟಲಿ ತುಂಬಾ ಇದೆ ಅಂದ್ರಲ್ಲ, ಅದನ್ನ ನಂಬೋ ಹಾಗಿಲ್ಲ. ಬೆಳಗ್ಗೆ ಎಂಜಿನ್ ಪೂರ್ತಿ ಆರಿದ್ದಾಗ ರೇಡಿಯೇಟರ್ ಮುಚ್ಚಳವನ್ನೇ ತೆಗೆದು ನೋಡಿ. ನೀರು ಕುತ್ತಿಗೆವರೆಗೂ ಇರಬೇಕು. ಎಂಜಿನ್ ಆರುವಾಗ ರೇಡಿಯೇಟರ್ ಬಾಟಲಿಯಿಂದ ನೀರು ಎಳ್ಕೊಳ್ಳುತ್ತೆ. ಮುಚ್ಚಳದ ಮಧ್ಯದಲ್ಲಿ ಬಟನ್ನಿನಷ್ಟು ಸಣ್ಣ ವಾಲ್ವ್ ಇದೆ ನೋಡಿ, ಅದು ಜಾಮ್ ಆದ್ರೆ, ಇಲ್ಲ ಬಾಟಲಿಗೆ ಹೋಗೋ ಸಣ್ಣ ರಬ್ಬರ್ ಪೈಪ್ ಸೀಳಿದ್ರೆ ಬಾಟಲಿ ತುಂಬಿದ್ದೂ ರೇಡಿಯೇಟರ್ ಒಣಗ್ತಾ ಹೋಗುತ್ತೆ. ಒಳಗೆ ಗಾಳಿ ಸೇರ್ಕೊಳ್ಳುತ್ತೆ. ಸೆನ್ಸರಿಗೆ ಒಮ್ಮೆ ನೀರು ತಾಗಿ ಒಮ್ಮೆ ಗಾಳಿ ತಾಗಿ ಮುಳ್ಳು ಓಲಾಡುತ್ತೆ.

ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡಿ ಮೇಷ್ಟ್ರೇ, ಕೈಮುಗಿದು ಹೇಳ್ತೀನಿ. ಕುಕ್ಕರಿನ ಹಾಗೆ ಒಳಗೆ ಒತ್ತಡ ಇರುತ್ತೆ. ಮುಚ್ಚಳದ ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರೋದು ಅದೇ. ಆ ಒತ್ತಡ ಇರೋದ್ರಿಂದಲೇ ನೂರು ಡಿಗ್ರಿ ದಾಟಿದ್ರೂ ನೀರು ಕುದಿಯಲ್ಲ. ತೆರೆದ್ರೆ ಒಂದೇ ಸಲಕ್ಕೆ ಕುದಿದು ಮುಖಕ್ಕೆ ಚಿಮ್ಮುತ್ತೆ.

ಗಾಳಿ ತೆಗೆಯೋದು ಕಷ್ಟದ ಕೆಲಸವಲ್ಲ. ನಮ್ಮನೆ ಗೇಟಿನ ಇಳಿಜಾರಲ್ಲಿ ಕಾರಿನ ಮೂತಿ ಮೇಲಾಗೋ ಹಾಗೆ ನಿಲ್ಲಿಸೋಣ. ತಣ್ಣಗಿರುವಾಗಲೇ ಮುಚ್ಚಳ ತೆಗೆದು ಆಮೇಲೆ ಸ್ಟಾರ್ಟ್ ಮಾಡಿ, ಹೀಟರ್ ಫುಲ್ ಬಿಸಿಗೆ ತಿರುಗಿಸೋದು. ಎಂಜಿನ್ ಕಾವೇರ್ತಾ ಇದ್ದ ಹಾಗೆ ಮೇಲಿನ ಹೋಸನ್ನ ಬಟ್ಟೆ ಹಿಡಿದು ಹಿಚುಕ್ತಾ ಇದ್ರೆ ಗುಳುಗುಳು ಅಂತ ಗುಳ್ಳೆ ಬರುತ್ತೆ, ನೀರಿನ ಮಟ್ಟ ಇಳಿಯುತ್ತೆ. ಇಳಿದಷ್ಟೂ ಕೂಲೆಂಟ್ ಹಾಕ್ತಾ ಹೋಗೋದು. ಗುಳ್ಳೆ ನಿಂತ್ರೆ ಸರಿ. ನಿಲ್ಲದೆ ಬರ್ತಾನೇ ಇದ್ರೆ, ಬೆಳಗ್ಗೆ ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಬಿಡದೆ ಬರ್ತಿದ್ರೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅದು ಮೆಕ್ಯಾನಿಕ್ ಕೆಲಸ, ನಮ್ಮದಲ್ಲ.

ಇನ್ನೊಂದು ವಿಷಯ, ಬೋರ್ ನೀರು ಹಾಕಬೇಡಿ. ನಮ್ಮ ಬೀದಿ ನೀರಿಗೆ ಬಿಸಿನೀರಿನ ಹಂಡೆ ಏನಾಗಿದೆ ನೋಡಿದ್ದೀರಲ್ಲ, ಆ ಬಿಳೀ ಗಟ್ಟಿ ಉಪ್ಪು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ ಹಾಕೋಣ. ಥರ್ಮೋಸ್ಟಾಟ್ ಮೇಲೆ ಆಗಲೂ ಅನುಮಾನ ಇದ್ರೆ ಬಿಚ್ಚಿ, ಹಳೇ ಪಾತ್ರೆ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆ ಮೇಲಿಡೋಣ. ನಿಮ್ಮ ಸ್ಕೂಲ್ ಲ್ಯಾಬಿನ ಥರ್ಮಾಮೀಟರ್ ತನ್ನಿ. ಒತ್ತಿರೋ ಡಿಗ್ರಿ ಹತ್ತಿರ ಬಾಯಿ ಬಿಡಬೇಕು, ನೀರು ಆರಿದಾಗ ಮುಚ್ಕೋಬೇಕು. ಬಿಡದಿದ್ರೆ ಹೊಸದು ಹಾಕಿಸಿ, ಖಾಲಿ ಮಾತ್ರ ಬಿಡಬೇಡಿ.

ಹಳೇ ಕೂಲೆಂಟನ್ನ ಮೋರಿಗೆ ಚೆಲ್ಲೋದು ಬೇಡ. ಅದು ಸಿಹಿ ಇರುತ್ತೆ, ನಾಯಿ ನೆಕ್ಕಿಬಿಟ್ರೆ ಕಿಡ್ನಿ ಹೋಗಿ ಸಾಯುತ್ತೆ. ಒಂದು ಬಕೆಟ್ ಅಡಿಗಿಟ್ಟು ಹಿಡಿದು, ಕ್ಯಾನಿಗೆ ತುಂಬಿ ಗಟ್ಟಿಯಾಗಿ ಮುಚ್ಚಿ ಗ್ಯಾರೇಜಿನವರಿಗೆ ಕೊಡೋಣ.