ಶಂಕು ಹುಳು, ಕಟ್ಟು ಹಾವು ಮತ್ತು ಬೇಲಿಯಾಚೆಯ ಗೌಡ್ರು

“ಅಲ್ಲ ಮೇಷ್ಟ್ರೆ, ನಾಗರಾವು ಕಚ್ಚಿದ್ರೆ ಉರಿ, ಊತ ಎಲ್ಲಾ ಬರ್ತದೆ. ಈ ಕಟ್ಟು ಹಾವು ಕಚ್ಚಿದ್ರೆ ಮಲಗಿದ್ದೋರಿಗೆ ಎಚ್ಚರವೇ ಆಗಲ್ವಂತಲ್ಲ. ಆ ವಿಷ ಒಳಗೋಗಿ ಮಾಡೋದಾದ್ರೂ ಏನು?”

ಗೌಡ್ರು ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಬೇಲಿಗೊರಗಿಸಿ ನಿಂತರು. ಚನ್ನಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಇದು ಕುತೂಹಲಕ್ಕೆ ಕೇಳುವ ಪ್ರಶ್ನೆಯಲ್ಲ. ರಾಗಿ ಮೂಟೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಕನಕಪುರ, ಮಾಗಡಿ ಕಡೆ ಕಾಡಂಚಿನ ಮನೆಗಳಲ್ಲಿ ಇನ್ನೂ ಜನ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಾರೆ. ಕಟ್ಟು ಹಾವು ಓಡಾಡುವುದು ರಾತ್ರಿಯಲ್ಲೇ.

“ಅದಕ್ಕೆ ಮುಂಚೆ ಒಂದು ಸಮುದ್ರದ ಹುಳುವಿನ ವಿಷಯ ಹೇಳ್ತೀನಿ, ಕೇಳಿ ಗೌಡ್ರೆ” ಅಂದೆ.

ಶಂಕುವಿನಾಕಾರದ ಚಿಪ್ಪಿನಲ್ಲಿ ಬದುಕುವ ಬಸವನಹುಳು ಅದು, ಶಂಕು ಹುಳು ಅನ್ನೋಣ. ಚಿಪ್ಪಿನ ಮೇಲಿನ ಚಿತ್ತಾರ ನೋಡಿದರೆ ಎತ್ತಿಕೊಳ್ಳಬೇಕೆನಿಸುತ್ತದೆ, ಜೀವಂತವಿದ್ದರೆ ಮುಟ್ಟಲೇಬಾರದು. ತೆವಳುವ ಪ್ರಾಣಿ ಈಜುವ ಮೀನನ್ನು ಹಿಡಿಯುವುದು ಹೇಗೆ? ಈಟಿಯಂಥ ಒಂದು ಟೊಳ್ಳು ಹಲ್ಲನ್ನು ಚುಚ್ಚಿ ವಿಷ ಇಳಿಸುತ್ತದೆ. ಕೆಲವೇ ಕ್ಷಣಗಳಲ್ಲಿ ಮೀನು ಅಲುಗಾಡುವುದಿಲ್ಲ. ಒಂದೊಂದು ಜಾತಿಯ ಹುಳುವಿನ ವಿಷದಲ್ಲೂ ನೂರಕ್ಕೂ ಹೆಚ್ಚು ಬಗೆಯ ಪೆಪ್ಟೈಡ್‌ಗಳಿರುತ್ತವೆ. ಪೆಪ್ಟೈಡ್ ಅಂದರೆ ಪ್ರೋಟೀನಿನ ಪುಟ್ಟ ತುಣುಕು, ಅಮೈನೊ ಆಮ್ಲಗಳ ಚಿಕ್ಕ ಸರ. ನಡುನಡುವೆ ಗಂಧಕದ ಗಂಟುಗಳು ಬಿದ್ದಿರುವುದರಿಂದ ಅದರ ಆಕಾರ ಸುಲಭವಾಗಿ ಕೆಡುವುದಿಲ್ಲ. ಇಲ್ಲಿ ಆಕಾರವೇ ಆಯುಧ.

ಕೈ ಎತ್ತಬೇಕು ಎಂದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು ಸ್ನಾಯುವಿನ ಮೇಲಿರುವ ಗ್ರಾಹಿಗೆ ಅಂಟಬೇಕು. ಆಗ ಗ್ರಾಹಿಯ ನಡುವೆ ದಾರಿಯಾಗಿ ಸೋಡಿಯಂ ಒಳನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ನಮ್ಮೂರ ಬಣ್ಣದ ಮರದ ಆಟಿಕೆಯಲ್ಲಿ ತೂತಿಗೆ ತಕ್ಕ ಗೂಟ ಇರುತ್ತದಲ್ಲ, ಹಾಗೆ. ಆ ತೂತಿಗೆ ಬೇರೆ ಗೂಟವೊಂದು ಸಿಕ್ಕಿಕೊಂಡರೆ ಸರಿಯಾದ ಗೂಟಕ್ಕೆ ಜಾಗವಿಲ್ಲ. ಶಂಕು ಹುಳುವಿನ ಆಲ್ಫಾ ಪೆಪ್ಟೈಡ್‌ಗಳು ಮಾಡುವ ಕೆಲಸ ಇದೇ. ನಾಗರಹಾವಿನ ನರವಿಷವೂ ಬಂದು ಕೂರುವುದು ಇದೇ ಗ್ರಾಹಿಯ ಮೇಲೆ. ಕಡಲಿನ ಹುಳುವೊಂದು, ನೆಲದ ಹಾವೊಂದು, ಒಂದನ್ನೊಂದು ಕಾಣದೆ ಒಂದೇ ಜಾಗವನ್ನು ಕಂಡುಕೊಂಡಿವೆ. ನನಗೆ ಇದಕ್ಕಿಂತ ದೊಡ್ಡ ವಿಸ್ಮಯ ಇನ್ನೊಂದಿಲ್ಲ.

“ಹಂಗಾರೆ ಕಟ್ಟು ಹಾವು?”

ಅದು ಇನ್ನೂ ಒಂದು ಹೆಜ್ಜೆ ಮುಂದೆ. ಗ್ರಾಹಿಯನ್ನು ಮುಚ್ಚುವುದರ ಜೊತೆಗೆ ನರದ ತುದಿಯನ್ನೇ ಹಾಳುಗೆಡಹುತ್ತದೆ. ಅಸಿಟೈಲ್‌ಕೋಲಿನ್ ಹೊರಬರುವುದೇ ನಿಲ್ಲುತ್ತದೆ. ಕಡಿದ ಜಾಗದ ಮಾಂಸಕ್ಕೆ ಹೆಚ್ಚಿನ ಹಾನಿ ಇಲ್ಲ, ಹಾಗಾಗಿ ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಇಲ್ಲ. ಮೊದಲು ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತುಬೀಳುವುದು, ಎಂಜಲು ನುಂಗಲಾಗದಿರುವುದು, ಕೊನೆಗೆ ಉಸಿರಾಟದ ಸ್ನಾಯುಗಳ ಸರದಿ. ಹಾಳಾದ ನರದ ತುದಿಯನ್ನು ಆಂಟಿವೆನಮ್ ಸರಿಮಾಡಲಾರದು. ಅದು ಹಿಡಿಯುವುದು ಇನ್ನೂ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಮಾತ್ರ. ಅದಕ್ಕೇ ಬೇಗ ಹೋಗಬೇಕು. ತಡವಾದರೂ ವೆಂಟಿಲೇಟರ್ ಮೇಲಿಟ್ಟು ಉಸಿರು ಕಾಪಾಡಿದರೆ ನರದ ತುದಿ ಮತ್ತೆ ಚಿಗುರುತ್ತದೆ, ಮನುಷ್ಯ ಎದ್ದು ಮನೆಗೆ ಬರುತ್ತಾನೆ.

ಗೌಡ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಳದಿಂದ ಏನಾದ್ರೂ ಉಪಕಾರ ಐತಾ?” ಅಂದರು.

ಇದೆ. ಅಮೆರಿಕದ ಯೂಟಾದಲ್ಲಿ ಫಿಲಿಪ್ಪೀನ್ಸ್ ಮೂಲದ ಬಾಲ್ಡೊಮೆರೊ ಒಲಿವೆರಾ ಅವರ ಪ್ರಯೋಗಾಲಯದಲ್ಲಿ, ಮೈಕೆಲ್ ಮ್ಯಾಕಿಂತೋಷ್ ಎಂಬ ಕಾಲೇಜು ಹುಡುಗ ಇಂಥದೊಂದು ಪೆಪ್ಟೈಡ್ ಬೇರ್ಪಡಿಸಿದ. 25 ಅಮೈನೊ ಆಮ್ಲಗಳದು. ಬೆನ್ನುಹುರಿಯಲ್ಲಿ ನೋವಿನ ಸುದ್ದಿ ದಾಟಿಸುವ ನರದ ತುದಿಯ ಕ್ಯಾಲ್ಸಿಯಂ ದಾರಿಯನ್ನು ಅದು ತಡೆಯುತ್ತದೆ. ಝಿಕೊನೊಟೈಡ್ ಎಂಬ ಹೆಸರಿನಲ್ಲಿ 2004ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಮಾರ್ಫಿನ್‌ನಂತೆ ಚಟ ಹಿಡಿಸುವುದಿಲ್ಲ. ಆದರೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಪಂಪಿನಿಂದ ಕೊಡಬೇಕು, ಮನಸ್ಸು ಗೊಂದಲಕ್ಕೀಡಾಗುವ ಅಡ್ಡಪರಿಣಾಮಗಳೂ ಇವೆ. ಬೇರೇನೂ ನಾಟದ ಘೋರ ನೋವಿಗಷ್ಟೇ ಅದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಅವರೂ ನರವಿಜ್ಞಾನಿ ಕೆ. ಎಸ್. ಕೃಷ್ಣನ್ ಅವರ ಜೊತೆಗೂಡಿ ಭಾರತದ ಕಡಲಿನ ಶಂಕು ಹುಳುಗಳ ಪೆಪ್ಟೈಡ್‌ಗಳನ್ನು ಬಿಡಿಸಿ ಓದಿದ್ದಾರೆ. ರಾಮನಗರದಿಂದ ರೈಲು ಹತ್ತಿದರೆ ಒಂದೆರಡು ಗಂಟೆಯ ದಾರಿಯಲ್ಲಿ ಇಂಥ ಕೆಲಸ ನಡೆದಿದೆ ಅನ್ನುವುದು ನನಗೆ ಹೆಮ್ಮೆ.

ಅದೇ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರ ಜೊತೆ ಸೇರಿ 2024ರ ಫೆಬ್ರವರಿಯಲ್ಲಿ ಹಾವಿನ ವಿಷವನ್ನು ತಡೆಯುವ ಒಂದು ಪ್ರತಿಕಾಯದ ವಿವರ ಪ್ರಕಟಿಸಿತು. ಅದು ಸ್ನಾಯುವಿನ ಆ ಗ್ರಾಹಿಯನ್ನೇ ಹೋಲುವಂತಿದೆ. ವಿಷ ಬಂದು ಗ್ರಾಹಿಯನ್ನು ಹಿಡಿಯುವ ಮೊದಲು ಇದನ್ನೇ ಹಿಡಿದುಕೊಳ್ಳುತ್ತದೆ. ನಾಗರ, ಕಟ್ಟು ಹಾವು, ಆಫ್ರಿಕಾದ ಕಪ್ಪು ಮಾಂಬಾ, ಈ ಮೂರರ ಗ್ರಾಹಿ ಮುಚ್ಚುವ ವಿಷಕ್ಕೂ ಇಲಿಗಳಲ್ಲಿ ಕೆಲಸ ಮಾಡಿದೆ. ಆಸ್ಪತ್ರೆಗೆ ಬರಲು ಇನ್ನೂ ದೂರವಿದೆ. ಅದೇ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಎಷ್ಟು ಜನ ಎಲ್ಲಿ ಸಾಯುತ್ತಿದ್ದಾರೆ ಅನ್ನುವ ಲೆಕ್ಕವೇ ಇಲ್ಲದಿದ್ದರೆ ಔಷಧಿ ಎಲ್ಲಿಗೆ ಕಳಿಸುವುದು?

“ನಾಟಿ ಔಷಧಿ, ಮಂತ್ರ?” ಗೌಡ್ರು ತಗ್ಗಿದ ದನಿಯಲ್ಲಿ ಕೇಳಿದರು.

ಗ್ರಾಹಿಗೆ ಮಂತ್ರ ಕೇಳಿಸುವುದಿಲ್ಲ ಗೌಡ್ರೆ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿ, ರಾತ್ರಿ ಟಾರ್ಚ್ ಇಲ್ಲದೆ ರೇಷ್ಮೆ ಹುಳುಮನೆಗೆ ಹೋಗಬೇಡಿ. ನಡುರಾತ್ರಿ ಯಾರಿಗಾದರೂ ಕಾರಣವಿಲ್ಲದೆ ಹೊಟ್ಟೆನೋವು ಬಂದು ಕಣ್ಣಿನ ರೆಪ್ಪೆ ಜೋತುಬಿದ್ದರೆ, ಕಡಿದ ಗುರುತು ಹುಡುಕುತ್ತಾ ಬೆಳಗಾಗುವವರೆಗೆ ಕಾಯಬೇಡಿ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, 108ಕ್ಕೆ ಕರೆ ಮಾಡಿ ನೇರ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.