ಹುಟ್ಟದವರಿಗೂ ಒಂದು ಕಂಚಿನ ಪ್ರತಿಮೆ

ಅಮೆರಿಕದ ಅಯೋವಾ ರಾಜ್ಯದ ರಿವರ್‌ಸೈಡ್ ಸಾವಿರ ಚಿಲ್ಲರೆ ಜನರ ಊರು. ಸುತ್ತ ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳ. ಅಲ್ಲೊಂದು ಕಲ್ಲು ನೆಟ್ಟು, ಇದು ಕ್ಯಾಪ್ಟನ್ ಜೇಮ್ಸ್ ಟಿ. ಕರ್ಕ್ ಅವರ ಭಾವೀ ಜನ್ಮಸ್ಥಳ ಎಂದು ಕೆತ್ತಿಸಿದ್ದಾರೆ. ಜನನ: 2228ರ ಮಾರ್ಚ್ 22. ಅಚ್ಚಿನ ಮೊಳೆ ತಪ್ಪಿದ್ದಲ್ಲ. ಮಹನೀಯರು ಹುಟ್ಟಲು ಇನ್ನೂ ಸುಮಾರು 200 ವರ್ಷ ಇದೆ.

ಕರ್ಕ್ ಅಂದರೆ 1966ರಲ್ಲಿ ಶುರುವಾದ 'ಸ್ಟಾರ್ ಟ್ರೆಕ್' ಧಾರಾವಾಹಿಯ ಕಪ್ತಾನ. ಈತ ಅಯೋವಾದ ಯಾವುದೋ ಸಣ್ಣ ಊರಿನವನು ಎಂದು ಧಾರಾವಾಹಿಯ ಕುರಿತ ಪುಸ್ತಕವೊಂದು ಹೇಳಿತ್ತು, ಊರಿನ ಹೆಸರು ಹೇಳಿರಲಿಲ್ಲ. 1985ರಲ್ಲಿ ರಿವರ್‌ಸೈಡಿನ ಪುರಸಭೆ ಸದಸ್ಯರೊಬ್ಬರಿಗೆ 'ಆ ಊರು ನಮ್ಮದೇ ಯಾಕಾಗಬಾರದು' ಅನ್ನಿಸಿತು. ಠರಾವು ಪಾಸಾಯಿತು. ಊರಿನ ವಾರ್ಷಿಕ ಜಾತ್ರೆಯ ಹೆಸರೇ 'ಟ್ರೆಕ್ ಫೆಸ್ಟ್' ಆಯಿತು. ಪುಣ್ಯಭೂಮಿಯ ಮಣ್ಣನ್ನು ಪುಟ್ಟ ಸೀಸೆಗಳಲ್ಲಿ ತುಂಬಿ ಮಾರಿದ್ದೂ ಉಂಟು.

ಅರಸೀಕೆರೆ ಕಡೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮ ಮಾವನವರು ಅಮೆರಿಕದ ನಮ್ಮ ಮನೆಗೆ ಬಂದಿದ್ದಾಗ ಮೊಬೈಲಿನಲ್ಲಿ ಈ ಕಲ್ಲಿನ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ಎರಡೆರಡು ಸಲ ಓದಿದರು.

"ಅಳಿಯಂದ್ರೇ, ನಮ್ಮಲ್ಲಿ ಮಗು ಹುಟ್ಟಿ ಹತ್ತು ವರ್ಷ ಆದ್ರೂ ಜನನ ಪತ್ರ ಸಿಗಲ್ಲ. ಇವರು ಮುಂಗಡವಾಗಿ ಕೊಟ್ಟುಬಿಟ್ಟಿದಾರಲ್ಲ!"

ಧಾರಾವಾಹಿಯ ಪಂಡಿತರು ಮಾತ್ರ ಕರ್ಕ್ ಹುಟ್ಟುವುದು 2233ರಲ್ಲಿ ಎಂದು ವಾದಿಸುತ್ತಾರೆ ಅಂತಲೂ ಹೇಳಿದೆ. ಐದು ವರ್ಷದ ವ್ಯತ್ಯಾಸ. ಮಾವನವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ತಿದ್ದಿರ್ತಾರೆ, ಬಿಡಿ."

ಕರ್ಕ್‌ನ ಈ ಊರಿಗೆ ತಕ್ಕ ಶಾಸ್ತಿ ಮಾಡಿದವನು ಕರ್ಕ್ ಪಾತ್ರಧಾರಿ ವಿಲಿಯಂ ಶಾಟ್ನರ್. 2004ರಲ್ಲಿ ದೊಡ್ಡ ತಂಡ ಕಟ್ಟಿಕೊಂಡು ಬಂದು, ನಿಮ್ಮೂರಲ್ಲೇ ಸಿನಿಮಾ ತೆಗೆಯುತ್ತೇನೆಂದು ನಂಬಿಸಿ, ಊರವರಿಗೇ ಪಾತ್ರ ಹಂಚಿದ. ಆಮೇಲೆ ನೋಡಿದರೆ ಸಿನಿಮಾನೇ ಇಲ್ಲ. ಊರವರ ಸಡಗರವನ್ನು ಚಿತ್ರೀಕರಿಸಿ ಟಿವಿಯಲ್ಲಿ ನಗಿಸುವ ಕಾರ್ಯಕ್ರಮ ಅದು. ಮರುವರ್ಷ ಪ್ರಸಾರವೂ ಆಯಿತು. ಇಲ್ಲದ ಕಪ್ತಾನನ ಊರಿಗೆ ಇಲ್ಲದ ಸಿನಿಮಾ, ಲೆಕ್ಕ ಚುಕ್ತಾ. ಊರವರು ಕಲ್ಲನ್ನೇನೂ ಕೀಳಲಿಲ್ಲ.

ಇದೊಂದೇ ಊರಿನ ಹುಚ್ಚು ಅಂದುಕೊಳ್ಳಬೇಡಿ. ಇಲಿನಾಯ್‌ನ ಮೆಟ್ರೊಪೊಲಿಸ್ ಎಂಬ ಸಣ್ಣ ಊರು, ಕತೆಯೊಳಗಿನ ಊರಿಗೆ ಹೆಸರು ಹೊಂದುತ್ತದೆಂಬ ಒಂದೇ ಕಾರಣಕ್ಕೆ 1972ರಲ್ಲಿ ತನ್ನನ್ನು ಸೂಪರ್‌ಮ್ಯಾನ್‌ನ ತವರೂರೆಂದು ಸಾರಿಕೊಂಡು, ಆಮೇಲೆ 15 ಅಡಿಯ ಕಂಚಿನ ವಿಗ್ರಹವನ್ನೂ ನಿಲ್ಲಿಸಿಕೊಂಡಿತು. ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ 2022ರಲ್ಲಿ ಅನಾವರಣಗೊಂಡ ಎರಡು ಕಂಚಿನ ಪ್ರತಿಮೆಗಳು 'ಬ್ರೇಕಿಂಗ್ ಬ್ಯಾಡ್' ಧಾರಾವಾಹಿಯ ಮೇಷ್ಟ್ರು ಮತ್ತು ಅವನ ಶಿಷ್ಯನದ್ದು. ಗುರುಶಿಷ್ಯರ ವಿದ್ಯೆ ಯಾವುದೆಂದರೆ ಮಾದಕ ವಸ್ತು ತಯಾರಿಕೆ. ಊರಿನ ಮಿಠಾಯಿ ಅಂಗಡಿಯಲ್ಲಿ ಆ ಮಾದಕ ವಸ್ತುವಿನ ಬಣ್ಣದ್ದೇ ನೀಲಿ ಕಲ್ಲುಸಕ್ಕರೆಯ ಪೊಟ್ಟಣ ಸಿಗುತ್ತದೆ. ನಮ್ಮೂರ ಕಡೆ ಹೊರಟವರು ಅದನ್ನು ಪೆಟ್ಟಿಗೆಗೆ ಹಾಕುವ ಮೊದಲು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಏನು ಹೇಳಬೇಕೆಂದು ಯೋಚಿಸಿಕೊಳ್ಳುವುದು ಒಳ್ಳೆಯದು. ಧಾರಾವಾಹಿಯಲ್ಲಿ ಮೇಷ್ಟ್ರು ಸಿಟ್ಟಿನಿಂದ ಮನೆಯ ಸೂರಿನ ಮೇಲೆ ಪಿಜ್ಜಾ ಎಸೆಯುವ ದೃಶ್ಯ ಒಂದಿದೆ. ಚಿತ್ರೀಕರಣಕ್ಕೆ ಮನೆ ಬಿಟ್ಟುಕೊಟ್ಟಿದ್ದ ನಿಜವಾದ ಸಂಸಾರದ ಸೂರಿಗೆ ಅಭಿಮಾನಿಗಳು ಬಂದು ಬಂದು ನಿಜವಾದ ಪಿಜ್ಜಾ ಎಸೆಯತೊಡಗಿದರು. ದಯವಿಟ್ಟು ನಿಲ್ಲಿಸಿ ಎಂದು ಧಾರಾವಾಹಿಯ ಕರ್ತೃವೇ ಕೇಳಿಕೊಂಡರೂ ನಿಲ್ಲದೆ, ಮನೆಯವರು ಕಬ್ಬಿಣದ ಬೇಲಿ ಹಾಕಿಸಿಕೊಂಡರು. ಇಲ್ಲದ ಮೇಷ್ಟ್ರು ಊರಿನ ನಡುವೆ ಕಂಚಾಗಿ ನಿಂತ, ಇದ್ದ ಮನೆಯವರು ಬೇಲಿಯ ಒಳಗಾದರು.

ಫಿಲಡೆಲ್ಫಿಯಾಕ್ಕೆ ಮಾವನವರನ್ನು ಕರೆದುಕೊಂಡು ಹೋಗಿದ್ದೆ. ಸ್ವಾತಂತ್ರ್ಯ ಘೋಷಣೆಗೆ ಸಹಿ ಬಿದ್ದ ಸಭಾಂಗಣ ತೋರಿಸಿದೆ, ಬಿರುಕು ಬಿಟ್ಟ ಗಂಟೆ ತೋರಿಸಿದೆ. ಆಮೇಲೆ ಕಲಾ ಸಂಗ್ರಹಾಲಯದ ಮೆಟ್ಟಿಲ ಬುಡಕ್ಕೆ ಬಂದರೆ ತಿರುಪತಿಯ ನೆನಪು ತರಿಸುವ ಸಾಲು. ಸಾಲಿನ ತುದಿಯಲ್ಲಿ ಎರಡೂ ಮುಷ್ಟಿ ಮೇಲೆತ್ತಿ ನಿಂತ ಕಂಚಿನ ಬಾಕ್ಸರ್. ನಮ್ಮ ಮುಂದಿದ್ದ ಭಾರಿ ಮೈಕಟ್ಟಿನ ಮನುಷ್ಯನೊಬ್ಬ ಪ್ರತಿಮೆಯ ಪಕ್ಕ ತಾನೂ ಮುಷ್ಟಿ ಎತ್ತಿ ನಿಂತ; ಫೋಟೋ ತೆಗೆಯುತ್ತಿದ್ದ ಹೆಂಡತಿ ಸಾಲದೆಂದು ಇನ್ನೂ ಎತ್ತಿಸಿದಳು; ಅಂಗಿ ಮೇಲೇರಿ ಹೊಟ್ಟೆ ಹೊರಬಂತು; ಹಿಂದಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಇವರು ಯಾವ ಇಸವೀಲಿ ತೀರಿಕೊಂಡ್ರು?" ಮಾವನವರು ದನಿ ತಗ್ಗಿಸಿ ಕೇಳಿದರು.

"ತೀರಿಕೊಂಡಿಲ್ಲ ಮಾವ."

"ಹಾಗಾದ್ರೆ ಬದುಕಿದಾರೆ?"

"ಬದುಕೂ ಇಲ್ಲ. ಹುಟ್ಟೇ ಇಲ್ಲ. ಸಿನಿಮಾದವನು."

ರಾಕಿ ಬಾಲ್ಬೋವಾ 1976ರ ಸಿನಿಮಾದ ಪಾತ್ರ. ಈ ವಿಗ್ರಹ ಮೂರನೆಯ ಭಾಗದ ಚಿತ್ರೀಕರಣಕ್ಕೆಂದು ಸಿಲ್ವೆಸ್ಟರ್ ಸ್ಟಲೋನ್ ಮಾಡಿಸಿದ್ದು. ಇದು ಕಲೆಯಲ್ಲ, ಸಿನಿಮಾ ಸಾಮಾನು ಎಂದು ಸಂಗ್ರಹಾಲಯದವರು ಮೂಗು ಮುರಿದಿದ್ದರಿಂದ ಕೆಲಕಾಲ ಒಂದು ಕ್ರೀಡಾಂಗಣದ ಮುಂದೆ ನಿಂತಿದ್ದು, 2006ರಲ್ಲಿ ಮೆಟ್ಟಿಲ ಬುಡಕ್ಕೆ ಬಂತು. ಒಳಗಿರುವ ಚಿತ್ರಗಳನ್ನು ನೋಡದೆ ಮೆಟ್ಟಿಲು ಓಡಿ ಹತ್ತಿ, ಮೇಲೆ ಒಂದು ಸುತ್ತು ಕುಣಿದು, ಇಳಿದು ಹೋಗುವವರೇ ಬಹಳ.

ಅದೇ ಊರಿನಲ್ಲಿ ಜೋ ಫ್ರೇಜಿಯರ್ ಅಂತ ಒಬ್ಬ ನಿಜವಾದ ಬಾಕ್ಸರ್ ಇದ್ದ. 1964ರ ಒಲಿಂಪಿಕ್ ಚಿನ್ನ ಅವನದು. 1971ರಲ್ಲಿ ಮಹಮ್ಮದ್ ಅಲಿಯನ್ನು ಸೋಲಿಸಿದವನೂ ಅವನೇ. ಬಾಕ್ಸಿಂಗ್ ಕಲಿಯುತ್ತಿದ್ದಾಗ ಕಸಾಯಿಖಾನೆಯಲ್ಲಿ ದುಡಿಯುತ್ತಿದ್ದ. ಅಲ್ಲಿ ತೂಗುಹಾಕಿದ ಮಾಂಸಕ್ಕೆ ಗುದ್ದಿದ್ದು, ಆ ಮೆಟ್ಟಿಲು ಓಡಿದ್ದು ಎಲ್ಲ ನನ್ನ ಬದುಕಿನಿಂದಲೇ ಎತ್ತಿಕೊಂಡದ್ದು ಎಂದು ಹೇಳಿಕೊಳ್ಳುತ್ತಲೇ ಇದ್ದ. ಆ ಸಿನಿಮಾದಲ್ಲಿ ಅವನಿಗೆ ಕೊಟ್ಟ ಜಾಗ, ರಿಂಗಿಗೆ ಬಂದು ಕೈಕುಲುಕಿ ಹೋಗುವ ಅತಿಥಿಯದ್ದು. ಸತ್ತದ್ದು 2011ರಲ್ಲಿ. ಪ್ರತಿಮೆ ಆಗಿದ್ದು 2015ರಲ್ಲಿ, ಅದೂ ಊರಿನ ದಕ್ಷಿಣ ತುದಿಯ ಕ್ರೀಡಾಂಗಣಗಳ ಹತ್ತಿರ. ಫ್ರೇಜಿಯರ್ ಕಪ್ಪು ಮನುಷ್ಯ, ರಾಕಿ ಬಿಳಿಯ. ಕಾಕತಾಳೀಯ ಇರಬಹುದು. ಈ ದೇಶದ ಕಾಕತಾಳೀಯಗಳಿಗೆ ಚರ್ಮದ ಬಣ್ಣ ಚೆನ್ನಾಗಿ ಗೊತ್ತಾಗುತ್ತದೆ.

ಕಲ್ಪಿತ ಮನುಷ್ಯನಷ್ಟು ಅನುಕೂಲದವನು ಇನ್ನೊಬ್ಬನಿಲ್ಲ ಎಂಬುದು ಇಷ್ಟು ವರ್ಷ ಇಲ್ಲಿದ್ದು ನಾನು ಕಂಡುಕೊಂಡದ್ದು. ಅವನ ಮಕ್ಕಳು ಪರಿಹಾರ ಕೇಳಿಕೊಂಡು ಬರುವುದಿಲ್ಲ. ಅವನು ಗುಲಾಮರನ್ನು ಇಟ್ಟುಕೊಂಡಿದ್ದನೇ ಎಂದು ಯಾರೂ ದಫ್ತರ ಕೆದಕುವುದಿಲ್ಲ. ಬದುಕಿ ಬಾಳಿದವರದ್ದೇ ಪೇಚಾಟ. 2020ರಲ್ಲಿ ಕೊಲಂಬಸನ ಪ್ರತಿಮೆಗಳೂ ಗುಲಾಮಗಿರಿಯ ಪರ ಕಾದಾಡಿದ ಸೇನಾನಿಗಳ ಪ್ರತಿಮೆಗಳೂ ಊರೂರಲ್ಲಿ ಉರುಳಿದವು. ಸೂಪರ್‌ಮ್ಯಾನ್ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಶ್ಚಿಂತೆಯಿಂದ ನಿಂತಿದ್ದ.

ಕನ್ನಡದವರು ಇದಕ್ಕೆ ಜೋರಾಗಿ ನಗುವ ಹಾಗಿಲ್ಲ. ಪಾಂಡವರು ಒಂದು ರಾತ್ರಿಯಾದರೂ ತಂಗದ ಗುಡ್ಡ ನಮ್ಮಲ್ಲಿ ಯಾವುದಿದೆ? ರಾಮನಗರದ ಬಂಡೆ ನೋಡಲು ಬಂದವರು ಸಿನಿಮಾದ ಗಬ್ಬರ್ ಎಲ್ಲಿ ಕೂತಿದ್ದ ಅಂತ ಕೇಳುತ್ತಾರೆ. ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ರೈಲು ನಿಲ್ದಾಣದ ಕಟ್ಟಡ, ನಕ್ಷೆಯಲ್ಲೇ ಇಲ್ಲದ ಮಾಲ್ಗುಡಿಯ ಹೆಸರಲ್ಲಿ ವಸ್ತುಸಂಗ್ರಹಾಲಯವಾಗಿದೆ. ಅಮೆರಿಕದ ನಮ್ಮ ಕನ್ನಡ ಸಮ್ಮೇಳನಗಳ ಸಂಪ್ರದಾಯವೂ ಅದೇ: ತೆರೆಯ ಮೇಲೆ ರೈತನಾಗಿ ನಟಿಸಿದವರಿಗೆ ಮೈಸೂರು ಪೇಟ ಮತ್ತು ಮುಖ್ಯ ವೇದಿಕೆ, ರೈತರ ಬಗ್ಗೆ ಬರೆದವರಿಗೆ ಹಿಂದಿನ ಕೋಣೆಯಲ್ಲಿ ಊಟದ ಹೊತ್ತಿನ ಗೋಷ್ಠಿ. ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ.

ಆದರೆ ಮ್ಯಾಸಚೂಸೆಟ್ಸ್‌ನ ಸೇಲಂ ಊರನ್ನು ಮೀರಿಸುವುದು ನಮ್ಮ ಕೈಲೂ ಆಗದು. 1692ರಲ್ಲಿ ಅಲ್ಲೂ ಸುತ್ತಮುತ್ತಲೂ 150ಕ್ಕೂ ಹೆಚ್ಚು ಜನರ ಮೇಲೆ ಮಾಟದ ಆರೋಪ ಬಂತು. 19 ಜನರನ್ನು ಗಲ್ಲಿಗೇರಿಸಿದರು. ಜೈಲ್ಸ್ ಕೋರಿ ಎಂಬ ಮುದುಕನ ಎದೆಯ ಮೇಲೆ ಕಲ್ಲು ಹೇರುತ್ತ ಹೋಗಿ ಕೊಂದರು. ಮಾಟ ಮಾಡಿದವರು ಇವರಲ್ಲಿ ಒಬ್ಬರೂ ಇರಲಿಲ್ಲ. ಈಗ ಆ ಊರಿನ ಪೊಲೀಸರ ಲಾಂಛನದಲ್ಲಿ ಪೊರಕೆ ಏರಿದ ಮಾಟಗಾತಿ ಇದ್ದಾಳೆ. ಹೈಸ್ಕೂಲಿನ ಕ್ರೀಡಾತಂಡದ ಹೆಸರೂ 'ಮಾಟಗಾತಿಯರು'. 2005ರಲ್ಲಿ 'ಬಿವಿಚ್ಡ್' ಎಂಬ ಹಾಸ್ಯ ಧಾರಾವಾಹಿಯ ಮಾಟಗಾತಿ ಸಮಾಂತಾಳ ಕಂಚಿನ ಪ್ರತಿಮೆಯೂ ಬಂತು. ಪೊರಕೆಯ ಮೇಲೆ ಕೂತು ನಗುತ್ತಿದ್ದಾಳೆ. ಸತ್ತವರ ನೆನಪಿಗೆ ಊರು ಕಟ್ಟಿದ ಸ್ಮಾರಕಕ್ಕೆ 1992ರವರೆಗೆ, ಅಂದರೆ 300 ವರ್ಷ, ಕಾಯಬೇಕಾಯಿತು. ಗೋಡೆಯಿಂದ ಹೊರಚಾಚಿದ ಕಲ್ಲಿನ ಆಸನಗಳು, ಒಂದೊಂದರ ಮೇಲೆ ಒಂದೊಂದು ಹೆಸರು, ಕೊಂದ ಬಗೆ, ಕೊಂದ ತಾರೀಖು. ನಾವು ಹೋದ ಅಕ್ಟೋಬರಿನಲ್ಲಿ, ಮೊದಲು ಗಲ್ಲಿಗೇರಿದ ಬ್ರಿಜೆಟ್ ಬಿಷಪ್ಪಳ ಹೆಸರಿನ ಮೇಲೆ ಚೂಪು ಟೋಪಿಯ ಹುಡುಗನೊಬ್ಬ ಕೂತು ಡೋನಟ್ ತಿನ್ನುತ್ತಿದ್ದ. ಎದ್ದು ಹೋಗುವಾಗ ಸಕ್ಕರೆ ಪುಡಿ ಕೊಡವಿ, ಜಾಗ ಒರೆಸಿ ಹೋದ. ಸುಸಂಸ್ಕೃತ ಹುಡುಗ.

ಮಾವನವರಿಗೆ ಕಾಗದಪತ್ರದ್ದೇ ಚಿಂತೆ. "ಈ ಕೇಸುಗಳೆಲ್ಲ ರದ್ದಾದವಾ?" ಎಂದರು. ಕೆಲವರದ್ದು 1711ರಲ್ಲಿ, ಕೆಲವರದ್ದು 1957 ಮತ್ತು 2001ರಲ್ಲಿ ಎಂದೆ. ಎಲಿಜಬೆತ್ ಜಾನ್ಸನ್ ಎಂಬಾಕೆಯ ಹೆಸರು ಮಾತ್ರ ಎಲ್ಲ ಪಟ್ಟಿಗಳಿಂದಲೂ ಬಿಟ್ಟುಹೋಗಿತ್ತು. 1693ರಲ್ಲಿ ಆಕೆಗೆ ಮರಣದಂಡನೆ ಆಗಿತ್ತು. ನೇಣಿನಿಂದ ಹೇಗೋ ಪಾರಾದಳು, ಆರೋಪದಿಂದ ಪಾರಾಗಲಿಲ್ಲ. ನಾರ್ತ್ ಆ್ಯಂಡೋವರ್ ಊರಿನ ಎಂಟನೇ ತರಗತಿಯ ಮಕ್ಕಳು ತಮ್ಮ ಟೀಚರ್ ಜೊತೆ ಕೂತು ದಾಖಲೆ ಹುಡುಕಿ, ಶಾಸಕರಿಗೆ ಪತ್ರ ಬರೆದು, 2022ರಲ್ಲಿ ಅವಳನ್ನು ನಿರ್ದೋಷಿ ಅನ್ನಿಸಿದರು.

"329 ವರ್ಷ," ಮಾವನವರು ಬೆರಳು ಮಡಚಿ ಎಣಿಸಿ ಹೇಳಿದರು. "ನಮ್ಮ ರೆವಿನ್ಯೂ ಕೇಸುಗಳೇ ವಾಸಿ."

ಸೇಲಂಗೆ ಹೋಗುವವರಿಗೆ ಒಂದು ಮಾತು. ಅಕ್ಟೋಬರ್ ಬಿಟ್ಟು ಹೋಗಿ, ಆ ತಿಂಗಳಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಸಮಾಂತಾಳ ಹತ್ತಿರ ಫೋಟೋ ತೆಗೆಸಿಕೊಂಡಾದ ಮೇಲೆ ಪೋಪ್ ಸ್ಟ್ರೀಟಿಗೆ ಬನ್ನಿ. ಆ 19 ಜನರನ್ನು ನೇಣು ಹಾಕಿದ ದಿಬ್ಬ ಇದೇ ಎಂದು ಸಂಶೋಧಕರು ಖಚಿತಪಡಿಸಿದ್ದು 2016ರಲ್ಲಿ. ಮರುವರ್ಷ ಅಲ್ಲೊಂದು ಅರೆಚಂದ್ರದ ಕಲ್ಲುಗೋಡೆ ಕಟ್ಟಿ ಹೆಸರುಗಳನ್ನು ಕೆತ್ತಿದ್ದಾರೆ. ಔಷಧಿ ಅಂಗಡಿಯೊಂದರ ಹಿಂಭಾಗದಲ್ಲಿದೆ. ಟಿಕೆಟ್ ಇಲ್ಲ, ಸಾಲೂ ಇಲ್ಲ.