ಸಸ್ಪೆನ್ಷನ್ನಿನಲ್ಲೇ ನಲವತ್ತು ವರ್ಷ

ತೀರ್ಥಹಳ್ಳಿಯಿಂದ ಸ್ವಲ್ಪ ಹೊರಗೆ, ಹಲಸಿನ ಮರದ ಕೆಳಗೆ 1986ರ ಮಾರ್ಕ್ 4 ಅಂಬಾಸಿಡರ್ ನಿಂತಿದೆ. ಮೂತಿ ಆಕಾಶಕ್ಕೆ, ಬೆನ್ನು ನೆಲಕ್ಕೆ. ಹಿಂದಿನ ಎಡಮೂಲೆಯಂತೂ ನೆಲಕ್ಕೆ ಇನ್ನೂ ಎರಡು ಬೆರಳು ಹತ್ತಿರ. ಮದುವೆಯೂಟ ಮುಗಿಸಿ ಎಡಗೈ ಊರಿ ಏಳಲು ಹವಣಿಸುವ ಯಜಮಾನರ ಭಂಗಿ. ಮಾಲೀಕರು ನಿವೃತ್ತ ಮೇಷ್ಟ್ರು. ಎರಡು ವರ್ಷದಲ್ಲಿ ಮೂರನೇ ಸಲ ಹಿಂದಿನ ಟೈರು ಬದಲಿಸುವ ಯೋಚನೆಯಲ್ಲಿದ್ದರು. ಅವರು ಸ್ನಾನಕ್ಕೆ ಹೋದ ಹೊತ್ತು ನೋಡಿ, ಗೋಣಿಚೀಲ ಹಾಸಿಕೊಂಡು ನಾನು ಕಾರಿನ ಕೆಳಗೆ ನುಸುಳಿದೆ. ಮಾತಾಡಲು ಒಪ್ಪಿದ್ದು ಹಿಂದಿನ ಎಡಗಡೆಯ ಕಮಾನ್ ಪಟ್ಟಾ, ಅಂದರೆ ಕಾರಿನ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಕಾರಿನ ಕೆಳಗೆ ಮಲಗಿ ಸಂದರ್ಶನ ಮಾಡುವುದರಲ್ಲಿ ಒಂದು ಅನುಕೂಲವಿದೆ: ಎಂಥ ಪ್ರಶ್ನೆ ಕೇಳಿದರೂ ಎದುರಿನವರು ಎದ್ದು ಹೋಗುವುದಿಲ್ಲ.

ನಾನು: ನಮಸ್ಕಾರ ಯಜಮಾನರೇ. ನಿಮ್ಮ ಪರಿಚಯ?

ಪಟ್ಟಾ: ಮೊದಲು ನಿಮ್ಮ ತೂಕ ಹೇಳಿ ಮಾರಾಯ್ರೆ.

ನಾನು: ಎಂಬತ್ತೆರಡು ಕಿಲೋ.

ಪಟ್ಟಾ: ಕಾರು ಹತ್ತೋದಿಲ್ಲ ತಾನೇ?

ನಾನು: ಇಲ್ಲ, ಮಾತಾಡಿಸಿ ಹೋಗ್ತೀನಿ.

ಪಟ್ಟಾ: ಹಾಗಾದ್ರೆ ಕೇಳಿ. ನಾನು 40 ವರ್ಷದಿಂದ ಸಸ್ಪೆನ್ಷನ್ನಿನಲ್ಲಿದ್ದೀನಿ. ಸರ್ಕಾರಿ ನೌಕರ ಸಸ್ಪೆನ್ಷನ್ನಿನಲ್ಲಿದ್ರೆ ಮನೇಲಿ ಕೂತು ಅರ್ಧ ಸಂಬಳ ತಗೋತಾನೆ. ನಾನು ಸಸ್ಪೆನ್ಷನ್ನಿನಲ್ಲಿದ್ದುಕೊಂಡೇ ಪೂರ್ತಿ ಕೆಲಸ ಮಾಡ್ತಾ ಇದ್ದೀನಿ. ಸಂಬಳ ಹಾಳಾಗ್ಲಿ, ಒಂದು ತೊಟ್ಟು ಎಣ್ಣೆ ಕಂಡು ಎಷ್ಟು ಕಾಲ ಆಯ್ತೋ.

ನಾನು: ನಿಮ್ಮ ಮನೆತನ ಹಳೆಯದಂತೆ?

ಪಟ್ಟಾ: ಕುದುರೆಗಾಡಿ ಕಾಲದ್ದು. 1804ರಲ್ಲಿ ಲಂಡನ್ನಿನ ಒಬಾದಯ ಎಲಿಯಟ್ ಅನ್ನೋನು ಸಾರೋಟಿಗೆ ನಮ್ಮ ಪೂರ್ವಿಕರನ್ನ ಕಟ್ಟಿ ಪೇಟೆಂಟ್ ಮಾಡಿಸಿದ. ಈ ಕಾರಿನ ತಾಯಿಬೇರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಹುಟ್ಟೂರು ಪಶ್ಚಿಮ ಬಂಗಾಳದ ಉತ್ತರಪಾರಾ. 2014ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕ್ತು. 2017ರಲ್ಲಿ ಅಂಬಾಸಿಡರ್ ಅನ್ನೋ ಹೆಸರನ್ನ 80 ಕೋಟಿಗೆ ಫ್ರಾನ್ಸಿನ ಪೂಜೋ ಕಂಪನಿ ಕೊಂಡುಕೊಂಡಿತು. ಹೆಸರಿಗೆ 80 ಕೋಟಿ! ಹೆಸರನ್ನ ಹೊತ್ತು ತಿರುಗಿದ ನನ್ನನ್ನ ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳ್ತಾನೆ.

ನಾನು: ನೇರವಾಗಿ ಕೇಳ್ತೀನಿ, ಬೇಸರ ಮಾಡ್ಕೋಬೇಡಿ. ನೀವು ಎಡಕ್ಕೆ ವಾಲಿದ್ದೀರಿ ಅನ್ನೋ ಆರೋಪವಿದೆ.

ಪಟ್ಟಾ: ಸಿದ್ಧಾಂತದಿಂದಲ್ಲ ಸ್ವಾಮಿ, ಸಾಹೇಬರಿಂದ! ಈ ಕಾರು ಮೊದಲು ಸರ್ಕಾರದ್ದು. ಡ್ರೈವರ್ ಮುಂದೆ ಬಲಕ್ಕೆ, ಸಾಹೇಬರು ಹಿಂದೆ ಎಡಕ್ಕೆ. ಬಿಳಿ ಟವೆಲ್ ಹಾಸಿದ ಆ ಒಂದು ಮೂಲೆ ಬಿಟ್ಟು ಅವರು ಬೇರೆಲ್ಲೂ ಕೂತವರಲ್ಲ. ಪಕ್ಷ ಬದಲಾಯ್ತು, ಸರ್ಕಾರ ಬದಲಾಯ್ತು, ಬಲಪಂಥದವರೂ ಬಂದ್ರು, ನಡುಪಂಥದವರೂ ಬಂದ್ರು. ಕೂತದ್ದು ಮಾತ್ರ ಎಲ್ಲರೂ ಎಡಕ್ಕೇ. ಜೊತೆಗೆ ನಮ್ಮ ರಸ್ತೆಗಳು ನೀರು ಹರಿದು ಹೋಗಲಿ ಅಂತ ಅಂಚಿಗೆ ಇಳಿಜಾರು. ನಾವು ಓಡಾಡೋದೂ ಎಡ ಅಂಚಿನಲ್ಲೇ. ಎಲ್ಲಾ ಭಾರ ಬಂದು ನಿಲ್ಲೋದು ನನ್ನ ಮೇಲೆ. ಬಲಗಡೆ ಇದಾನಲ್ಲ ನನ್ನ ತಮ್ಮ, ಅವನನ್ನ ನೋಡಿ, ಇನ್ನೂ ಗೂನು ಹಾಗೇ ಇದೆ.

ನಾನು: ಗೂನು ಇರೋದು ಒಳ್ಳೆಯದಾ?

ಪಟ್ಟಾ: ನಮ್ಮ ಜಾತಿಗೆ ಗೂನೇ ಆರೋಗ್ಯ. ಬೆನ್ನು ನೆಟ್ಟಗಾದ್ರೆ ಕಥೆ ಮುಗೀತು. ಮೇಲಿನ ಮೇನ್ ಪಟ್ಟಾದ ಎರಡು ತುದಿಗೂ ಕಿವಿ ಇದೆ ನೋಡಿ. ಮುಂದಿನ ಕಿವಿ ಬಾಡಿಗೆ ಸೇರಿದ್ದು. ಮನೆ ಬಾಡಿಗೆ ಅಲ್ಲ, ಕಾರಿನ ಬಾಡಿಗೆ. ಹಿಂದಿನ ಕಿವಿ ಶಾಕಲ್ ಅನ್ನೋ ಕೊಂಡಿಯಲ್ಲಿ ತೂಗಾಡುತ್ತೆ. ಭಾರ ಬಿದ್ದಾಗ ನಾನು ಉದ್ದ ಆಗ್ತೀನಿ, ಶಾಕಲ್ ಹಿಂದಕ್ಕೆ ಜಾಗ ಬಿಡುತ್ತೆ. ಭಾರ ಇಳಿದಾಗ ಮತ್ತೆ ಬಾಗ್ತೀನಿ. ಇದನ್ನ ಲಕ್ಷಾಂತರ ಸಲ ಮಾಡಿದ ಮೇಲೆ ಉಕ್ಕಿಗೂ ಸುಸ್ತಾಗುತ್ತೆ. ಕೆಳಗಿನ ಪಟ್ಟಿಗಳ ನಡುವೆ ಮಣ್ಣು, ಮಳೆನೀರು, ತುಕ್ಕು. ಇದು ಮಲೆನಾಡು, ಇಲ್ಲಿ ಜೂನ್‌ನಿಂದ ನನಗೆ ಒಣಬಟ್ಟೆ ಅನ್ನೋದೇ ಇಲ್ಲ. ಸರ್ಕಾರ ಹರಾಜು ಹಾಕಿದ ಮೇಲೆ ತೋಟದವರೊಬ್ಬರು ತಗೊಂಡ್ರು. ಡಿಕ್ಕಿಯಲ್ಲಿ ಅಡಿಕೆ ಮೂಟೆ, ಸೀಟಿನ ಮೇಲೆ ಅಡಿಕೆ ಮೂಟೆ, ಅಡಿಕೆ ಮೂಟೆ ಮೇಲೆ ಮನೆಯವರು. ನೆಂಟರ ಮದುವೆ ಅಂದ್ರೆ ಆಗುಂಬೆ ಘಾಟಿಯ 14 ತಿರುವು ಇಳಿದು ಉಡುಪಿ ಕಡೆಗೆ. ಒಂದೊಂದು ತಿರುವಿನಲ್ಲೂ ನಾನು ದೇವರನ್ನ ನೆನೀತಿದ್ದೆ, ಅವರು ಒಳಗೆ ಹಾಡು ಹೇಳ್ತಿದ್ರು.

(ಇಷ್ಟರಲ್ಲಿ ಪಕ್ಕದಿಂದ ಸಿಟ್ಟಿನ ದನಿ. ಹಿಂದಿನ ಎಡಗಡೆಯ ಟೈರು.)

ಟೈರು: ಅಜ್ಜನ ಪುರಾಣ ಆಯ್ತಾ? ಸ್ವಲ್ಪ ನನ್ನ ಮೈಯನ್ನೂ ನೋಡಿ ಸಾರ್. ನನ್ನ ಜಾತಕ ಕೆನ್ನೆ ಮೇಲೇ ಬರೆದಿದೆ: 2324. ಅಂದ್ರೆ 2024ರ 23ನೇ ವಾರ ಹುಟ್ಟಿದೋನು. ಇಷ್ಟು ಬೇಗ ಬೋಡನಾಗಿದ್ದೀನಿ. ಬಟನ್ ನಡುವೆ ಒಂದು ಸಣ್ಣ ದಿಣ್ಣೆ ಇದೆ ನೋಡಿ, ಸವೆದು ಆ ದಿಣ್ಣೆ ಮಟ್ಟಕ್ಕೆ, ಅಂದ್ರೆ 1.6 ಮಿಲಿಮೀಟರಿಗೆ ಬಂದ್ರೆ ಕಾನೂನಿನ ಪ್ರಕಾರ ನಾನು ರಸ್ತೆಗೆ ಇಳಿಯೋ ಹಾಗಿಲ್ಲ. ಆಗಲೇ ಮುಟ್ಟಿದ್ದೀನಿ.

ನಾನು: ಎಲ್ಲಾ ಕಡೆ ಒಂದೇ ಸಮ ಸವೆದಿಲ್ಲವಲ್ಲ?

ಟೈರು: ಅದೇ ನೋಡಿ! ಸವೆತ ಅನ್ನೋದು ಕೈಬರಹ ಇದ್ದ ಹಾಗೆ, ಓದೋಕೆ ಬರಬೇಕು. ಎರಡೂ ಅಂಚು ಸವೆದು ನಡು ಉಳಿದಿದ್ರೆ ಗಾಳಿ ಕಮ್ಮಿ. ನಡು ಮಾತ್ರ ಸವೆದಿದ್ರೆ ಗಾಳಿ ಜಾಸ್ತಿ. ನನಗೆ ಎರಡೂ ಅಂಚು ಹೋಗಿದೆ. ಮೇಷ್ಟ್ರು ಬಂಕಿನಲ್ಲಿ ಗಾಳಿ ಹಾಕಿಸೋದು ಯುಗಾದಿಗೊಮ್ಮೆ. ಮತ್ತೆ ಇಲ್ಲಿ ಕೈಯಾಡಿಸಿ, ಅಲ್ಲಲ್ಲಿ ಗುಳಿ, ಅಪ್ಪೆಕಾವಲಿ ಥರ. ಅದು ಶಾಕ್‌ಆಬ್ ಸತ್ತಿರೋದರ ಗುರುತು. ಗುಂಡಿಯಿಂದ ಎದ್ದ ಮೇಲೆ ನಾನು ನೆಲದ ಮೇಲೆ ಕೂರೋದಿಲ್ಲ, ಕುಣೀತಾ ಹೋಗ್ತೀನಿ. ಬಿದ್ದ ಕಡೆಯೆಲ್ಲಾ ತೇದು ಹೋಗುತ್ತೆ. ಇನ್ನು ಹಿಂದೆ ಮೂರು ಜನ ಕೂತರೆ ಅಜ್ಜ ಕುಸಿದು ಮಡ್‌ಗಾರ್ಡ್ ಅಂಚು ನನ್ನ ಹೆಗಲಿಗೇ ತಾಗುತ್ತೆ.

ಪಟ್ಟಾ: ನಾನು ಬೇಕಂತ ಕುಸೀತೀನಾ ಮಗಾ?

ಟೈರು: ನೀನು ಕುಸಿಯೋದು, ಶಿಕ್ಷೆ ನನಗೆ. ಹೋದ ಸಲದವನನ್ನೂ ಹೀಗೇ ಓಡಿಸಿದ್ರು. ಮುಂಚೆ ಮುಂದಿನ ಬಲಗಡೆಗೆ ವರ್ಗಾವಣೆ ಮಾಡಿದ್ರು, ಆಮೇಲೆ ಸ್ಟೆಪ್ನಿ ಮಾಡಿ ಡಿಕ್ಕಿಯಲ್ಲಿ ಕೂರಿಸಿದ್ರು, ಕೊನೆಗೆ ಮನೆಗೆ. ತೊಂದರೆ ಇರೋ ಜಾಗ ಹಾಗೇ ಇರುತ್ತೆ, ಅಲ್ಲಿಗೆ ಬಂದ ನೌಕರನಿಗೆ ಮಾತ್ರ ಟ್ರಾನ್ಸ್‌ಫರ್!

ಇಲ್ಲಿ ನಾನೊಂದು ಮಾತು ಸೇರಿಸಬೇಕು. ಟೈರನ್ನು ಚಕ್ರದಿಂದ ಚಕ್ರಕ್ಕೆ ಅದಲುಬದಲು ಮಾಡುವುದು ತಪ್ಪಲ್ಲ, ಸವೆತ ಸಮವಾಗಿ ಹಂಚಿಹೋಗುತ್ತದೆ. ಆದರೆ ಕಾಯಿಲೆ ಹಂಚಿಹೋದ ಮಾತ್ರಕ್ಕೆ ವಾಸಿಯಾಗಲಿಲ್ಲ. ಸಿಟ್ಟಿನಲ್ಲಿದ್ದ ಟೈರಿಗೆ ಇದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ನಾನು: ವೀಲ್ ಅಲೈನ್‌ಮೆಂಟ್ ಮಾಡಿಸಿಲ್ಲವಾ?

ಪಟ್ಟಾ: ನಾಲ್ಕು ಸಲ! ಕಂಪ್ಯೂಟರಿಗೆ ಕಟ್ಟಿ ಬಣ್ಣಬಣ್ಣದ ಹಾಳೆ ತೆಗೆದುಕೊಟ್ರು. ಹಿಂದಿನ ಚಕ್ರದ ಮುಂದೆ ಕೆಂಪು ಅಂಕಿ ನೋಡಿ ಮೇಷ್ಟ್ರು ಸಾಡೇಸಾತಿ ಶುರುವಾದವರ ಹಾಗೆ ಬೆವರಿದ್ರು. ಸ್ವಾಮಿ, ಮುಂದಿನ ಚಕ್ರಕ್ಕೆ ಟೋ, ಅಂದ್ರೆ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರೋ ಓರೆ, ತಿದ್ದಬಹುದು, ಕೇಳಿದ್ದೀನಿ. ನಮ್ಮ ಹಿಂದೆ ತಿರುಗಿಸೋಕೆ ಬೋಲ್ಟೇ ಇಲ್ಲ. ಎರಡು ಚಕ್ರಕ್ಕೂ ಸೇರಿ ಒಂದೇ ಆಕ್ಸಲ್ ಹೌಸಿಂಗ್, ಅವಿಭಕ್ತ ಕುಟುಂಬ. ಎಡದವನು ಗುಂಡಿಗೆ ಬಿದ್ದರೆ ಬಲದವನೂ ಓರೆಯಾಗ್ತಾನೆ. ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರೋ ಕಾರಾದ್ರೆ ಹಿಂದೆ ಕುಸಿದಾಗ ಚಕ್ರದ ತಲೆ ಒಳಕ್ಕೆ ವಾಲಿ ಟೈರಿನ ಒಳ ಅಂಚು ಹೋಗುತ್ತೆ. ನಮ್ಮಲ್ಲಿ ನಾನು ಎಷ್ಟು ಕುಸಿದ್ರೂ ಚಕ್ರ ನೆಟ್ಟಗೇ ಇರುತ್ತೆ. ಹಿಂದಿನ ಟೈರು ಒಂದೇ ಅಂಚಿಗೆ ಸವೀತಾ ಇದ್ರೆ ಹೌಸಿಂಗ್ ಬಗ್ಗಿದೆಯಾ ಅಂತ ನೋಡಬೇಕು. ನನ್ನನ್ನ ಹೌಸಿಂಗಿಗೆ ಬಿಗಿದಿರೋ ಯು ಬೋಲ್ಟ್ ಸಡಿಲಾಗಿ, ಪಟ್ಟಿಗಳನ್ನ ನಡುವೆ ಹಿಡಿದಿರೋ ಸೆಂಟರ್ ಬೋಲ್ಟ್ ತುಂಡಾಗಿದ್ರೆ ಹೌಸಿಂಗೇ ಹಿಂದಕ್ಕೆ ಸರಿದು ಕಾರು ಏಡಿ ಹಾಗೆ ಓರೆಯಾಗಿ ನಡೆಯುತ್ತೆ. ಇದನ್ನೆಲ್ಲಾ ನೋಡೋಕೆ ಕಂಪ್ಯೂಟರ್ ಬೇಡ, ಬಗ್ಗೋ ಸೊಂಟ ಬೇಕು.

ನಾನು: ಶಾಕ್‌ಆಬ್ ಹೊಸದು ಹಾಕಿಸಿದ್ರೆ ಕಾರು ಎತ್ತರಕ್ಕೆ ಬರುತ್ತೆ ಅಂತಾರಲ್ಲ?

ಪಟ್ಟಾ: ಅಂತಾರೆ, ದುಡ್ಡೂ ತಗೋತಾರೆ. ಭಾರ ಹೊರೋದು ನಾನು. ಅವನ ಕೆಲಸ ಕುಣಿತ ನಿಲ್ಲಿಸೋದಷ್ಟೇ. ಕುಸಿದ ಮನೆಗೆ ಸುಣ್ಣ ಹೊಡೆಸಿದ್ರೆ ತೊಲೆ ಮೇಲೇಳುತ್ತಾ?

ನಾನು: ನೀವು ಕುಸಿದಿದ್ದರಿಂದ ಊರಿಗೇನಾದರೂ ತೊಂದರೆ?

ಪಟ್ಟಾ: ರಾತ್ರಿ ಬಂದು ನೋಡಿ. ಹಿಂದೆ ತಗ್ಗಿದ ಮೇಲೆ ಮುಂದಿನ ದೀಪ ಎಲ್ಲಿಗೆ ಹೋಗಬೇಕು? ನಮ್ಮ ಹೆಡ್‌ಲೈಟು ಅಡಿಕೆಮರದ ತುದಿಯಲ್ಲಿ ಕೊನೆ ಎಣಿಸುತ್ತೆ, ಇಲ್ಲಾ ಎದುರಿನವನ ಕಣ್ಣು ಕುಕ್ಕುತ್ತೆ. ಬಂದವರೆಲ್ಲಾ ಡಿಮ್-ಡಿಪ್ ಮಾಡಿ ಬೈದುಕೊಂಡು ಹೋಗ್ತಾರೆ. ಮೇಷ್ಟ್ರು, "ಪಾಪ, ಹಳೇ ಶಿಷ್ಯಂದಿರು, ಇನ್ನೂ ಗುರುತಿಟ್ಟು ನಮಸ್ಕಾರ ಮಾಡ್ತಾರೆ" ಅಂತ ಕೈ ಮುಗೀತಾರೆ.

ನಾನು: ಹಾಗಾದರೆ ಏನು ಮಾಡಬೇಕು?

ಪಟ್ಟಾ: ಮೊದಲು ಸಮತಟ್ಟು ನೆಲ, ನಾಲ್ಕೂ ಟೈರಿಗೆ ಸರಿಯಾದ ಗಾಳಿ, ದರ್ಜಿಯವನ ಹತ್ತಿರ ಇರುತ್ತಲ್ಲ ಅಂಥ ಒಂದು ಟೇಪು. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎಡಕ್ಕೆಷ್ಟು, ಬಲಕ್ಕೆಷ್ಟು ಅಳೀರಿ. ಐದು ನಿಮಿಷದ ಕೆಲಸ, 40 ವರ್ಷದಲ್ಲಿ ಒಬ್ಬರೂ ಮಾಡಿಲ್ಲ. ಆಮೇಲೆ ನಮ್ಮಿಬ್ಬರನ್ನೂ ಒಟ್ಟಿಗೇ ಬಿಚ್ಚಬೇಕು. ಒಬ್ಬನನ್ನ ಮಾತ್ರ ರಿಪೇರಿ ಮಾಡಿದ್ರೆ ಕಾರು ಇನ್ನೊಂದು ಪಂಥಕ್ಕೆ ವಾಲುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಹೊಸದು ತಂದ್ರೆ ಉತ್ತಮ. ಇಲ್ಲಾ ಕಮಾನ್ ಪಟ್ಟಾ ಕೆಲಸ ಗೊತ್ತಿರೋರ ಹತ್ತಿರ ಗೂನು ಕೊಡಿಸಬೇಕು. ಕೆಂಪಗೆ ಕಾಯಿಸಿ, ನಾಲ್ಕು ಪೆಟ್ಟು ಬಡಿದು, ಹಾಗೇ ಆರೋಕೆ ಬಿಟ್ಟರೆ ಟೆಂಪರ್ ಹೋಗಿ ಮತ್ತೆ ಚಪ್ಪಟೆ ಆಗ್ತೀನಿ. ಕಾಯಿಸಿದ ಮೇಲೆ ಎಣ್ಣೆಯಲ್ಲಿ ಅದ್ದಿ, ಇನ್ನೊಮ್ಮೆ ಹದವಾಗಿ ಕಾಯಿಸಬೇಕು. ಬುಷ್, ಶಾಕಲ್, ಯು ಬೋಲ್ಟ್ ಹೊಸದಿರಲಿ. ಕೆಲವರು ಅಡ್ಡದಾರಿಗೆ ಒಂದು ಪಟ್ಟಿ ಹೆಚ್ಚಿಗೆ ಸೇರಿಸ್ತಾರೆ. ಕಾರು ಎತ್ತರಕ್ಕೇನೋ ಬರುತ್ತೆ, ಒಳಗೆ ಕೂತವರ ಬೆನ್ನುಮೂಳೆ ಲಾರಿಯವರದ್ದಾಗುತ್ತೆ.

ನಾನು: ಕೊನೆಯ ಪ್ರಶ್ನೆ. ನಿಮಗೆ ಏನಾದರೂ ಆಸೆ?

ಪಟ್ಟಾ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಆಯುಧಪೂಜೆ ದಿನ ಬಾನೆಟ್ಟಿಗೆ ಹಾರ, ಸ್ಟೀರಿಂಗಿಗೆ ಕುಂಕುಮ, ಗ್ಲಾಸಿಗೆ ವಿಭೂತಿ. ಕಾರನ್ನ ಕಾಯೋಕೆ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಸರ್ಕಾರಿ ಕಾರಾಗಿದ್ದಾಗ ತಲೆ ಮೇಲಿನ ಕೆಂಪು ದೀಪಕ್ಕೂ ಗಂಧ ಹಚ್ಚಿದ್ದರು. 2017ರಲ್ಲಿ ಕೆಂಪು ದೀಪಗಳನ್ನೇ ಕಿತ್ತರಂತೆ, ಇರಲಿ. ಕೆಳಗೆ ಬಗ್ಗಿ ನನಗೊಂದು ಹೂವು ಇಟ್ಟವರಿಲ್ಲ. ಹೂವು ಬೇಡ, ಆ ದಿನವಾದರೂ ಒಬ್ಬರು ಬಗ್ಗಿ ನೋಡಿದ್ದರೆ…

ಅಷ್ಟರಲ್ಲಿ ಮೇಷ್ಟ್ರ ಚಪ್ಪಲಿ ಸದ್ದು. ಗಡಿಬಿಡಿಯಲ್ಲಿ ಹೊರಗೆ ತೆವಳಿ, ಗೋಣಿಚೀಲ ಕೊಡವುತ್ತಾ ಎದ್ದೆ. ಮೇಷ್ಟ್ರು ಬೀಗದ ಕೈ ಕುಣಿಸುತ್ತಾ ನಗುನಗುತ್ತಾ ಬಂದರು. "ಟೈರಿನ ಅಂಗಡಿಗೇ ಹೊರಟಿದ್ದೀನಿ. ಬಸ್ ಸ್ಟ್ಯಾಂಡ್ ದಾರಿಯಲ್ಲೇ, ಬನ್ನಿ ಬಿಟ್ಟುಬಿಡ್ತೀನಿ." ನಾನು ಬೇಡವೆಂದರೂ ಕೇಳಲಿಲ್ಲ. ಮುಂದಿನ ಸೀಟಿನಲ್ಲಿ ಹಳೇ ಬ್ಯಾಟರಿ ಇತ್ತು. ಹಿಂದಿನ ಎಡಬಾಗಿಲನ್ನು ಅವರೇ ತೆರೆದು ಹಿಡಿದು, "ನೀವು ಪತ್ರಿಕೆಯವರು, ಇಲ್ಲೇ ಕೂರಬೇಕು" ಎಂದರು.

ಕೂತೆ. ಕೆಳಗಿನಿಂದ ಕಿರ್ರ್ ಎಂದು ಒಂದೇ ಒಂದು ಸದ್ದು ಬಂತು.

"ಹಳೇ ಕಾರು ನೋಡಿ," ಎಂದರು ಮೇಷ್ಟ್ರು, "ಏನೋ ಮಾತಾಡ್ತಾ ಇರುತ್ತೆ."